ಸಂಬಳ ಹನ್ನೆರಡು, ತಿಂಗಳು ಹದಿಮೂರು

ಓದುಗರೊಬ್ಬರ ಪತ್ರ:

"ಸಂಪಾದಕರೇ, ನಮ್ಮದು ಐದು ಜನರ ಸಂಸಾರ. ಯಜಮಾನರಿಗೆ ತಿಂಗಳ ಸಂಬಳ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಎರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಆದರೂ 22ನೇ ತಾರೀಕು ಬಂತೆಂದರೆ ಕೈ ಖಾಲಿ. ಕ್ರೆಡಿಟ್ ಕಾರ್ಡಿಗೆ ಮಿನಿಮಮ್ ಮಾತ್ರ ಕಟ್ಟುತ್ತಿದ್ದೇವೆ. ನಾಲ್ಕು ಕಾಸು ಉಳಿಯಲಿ ಎಂದು ದಿನಾ ದೂರದ ಅಂಗಡಿಗೆ ನಡೆದೇ ಹೋಗುತ್ತೇನೆ. ಇತ್ತ ಹೊಲಿಯೋಕೆ ಕೊಟ್ಟ ಬಟ್ಟೆ ಹಾಗೇ ಬಿದ್ದಿರುತ್ತೆ. ಹೋದ ತಿಂಗಳು ಕರೆಂಟ್ ಬಿಲ್ ಕಟ್ಟೋದೇ ಮರೆತು ದಂಡ ತೆತ್ತೆವು. 'ನಿನಗೆ ಸಂಭಾಳಿಸೋಕೆ ಬರಲ್ಲ' ಅಂತಾರೆ ಇವರು. ಲೆಕ್ಕದ ಹಾಳೆಯನ್ನೂ ಕಳಿಸಿದ್ದೇನೆ. ಎಲ್ಲಿ ತಪ್ಪಿದ್ದೇನೆ, ಹೇಳಿ."

ಪ್ರಿಯ ಸೋದರಿ,

ಹಾಳೆ ತಲುಪಿತು. ಎರಡು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎನ್ನುವವರು ನಿಮ್ಮ ಸುತ್ತ ಬೇಕಾದಷ್ಟು ಜನ ಇರುತ್ತಾರೆ, ಆ ಮಾತಿಗೆ ನಾನು ಬೇಕಿಲ್ಲ. ನೀವು ಆಗಲೇ ಕಾಲು ಮಡಚಿಕೊಂಡು ಮಲಗಿದ್ದೀರಿ ಅಂತ ಹಾಳೆ ನೋಡಿದರೇ ಗೊತ್ತಾಗುತ್ತೆ.

18ನೇ ತಾರೀಕಿನವರೆಗೆ ಅಕ್ಷರ ದುಂಡಗಿದೆ. ಅಲ್ಲಿಂದ ಸಣ್ಣದಾಗುತ್ತಾ ಹೋಗಿದೆ. 'ಇತರೆ' ಅನ್ನೋ ಸಾಲನ್ನು ಅಳಿಸಿ ಅಳಿಸಿ ಬರೆದು ಕಾಗದ ತೂತು ಬಿದ್ದಿದೆ. ಕೂಡಿದ್ದರಲ್ಲಿ ಒಂದೂ ತಪ್ಪಿಲ್ಲ. ಎರಡು ಸಲ ಕೂಡಿ ನೋಡಿದೆ. ತಪ್ಪು ಇರೋದು ಕೂಡುವುದಕ್ಕೂ ಮೊದಲು, ಮೇಲಿನ ಮೂಲೆಯಲ್ಲಿ. ಅಲ್ಲಿ ನೀವು ಬರೆದಿದ್ದೀರಿ: 'ವಾರದ ಸಾಮಾನು × 4'.

ನಾಲ್ಕು ವಾರ ಅಂದರೆ 28 ದಿನ. ಫೆಬ್ರವರಿ ಬಿಟ್ಟರೆ ಅಂಥ ತಿಂಗಳು ಯಾವುದಿದೆ ಹೇಳಿ? 28 ದಿನದ ತಿಂಗಳು ಅಂತಲೇ ಎಣಿಸಿದರೆ ವರ್ಷದಲ್ಲಿ 13 ತಿಂಗಳು ಹಿಡಿಸುತ್ತವೆ, ಮೇಲೆ ಒಂದು ದಿನ ಉಳಿಯುತ್ತೆ. ಸಂಬಳ ಮಾತ್ರ 12. ಆ ಹದಿಮೂರನೇ ತಿಂಗಳಲ್ಲೂ ಮನೆಮಂದಿ ಉಂಡಿದ್ದಾರೆ, ಆದರೆ ಅದರ ಖರ್ಚು ನಿಮ್ಮ ಹಾಳೆಗೆ ಬಂದೇ ಇಲ್ಲ. ಹಾಗಾಗಿ ತಿಂಗಳು ತಿಂಗಳೂ ಎರಡು ಮೂರು ದಿನದ ಖರ್ಚು 'ಇತರೆ'ಯ ಮೇಲೆ ಬಂದು ಬಿದ್ದಿದೆ, ಅಲ್ಲೇ ಕಾಗದ ತೂತಾಗಿದೆ. ಇನ್ನು ಮುಂದೆ ವಾರದ ಖರ್ಚನ್ನು 52ರಿಂದ ಗುಣಿಸಿ, 12ರಿಂದ ಭಾಗಿಸಿ. ಬರುವ ಮೊತ್ತ ನೋಡಿ ಬೇಜಾರಾಗುತ್ತೆ, ಆದರೆ ನಿಮ್ಮ ನಿಜವಾದ ಖರ್ಚು ಅದೇ.

ಹಾಳೆಯಲ್ಲಿ ಇನ್ನೂ ಒಂದು ತೂತಿದೆ, ಅದು ಕಣ್ಣಿಗೆ ಬೀಳುವುದಿಲ್ಲ. ಮಕ್ಕಳ ವರ್ಷದ ಫೀಸು, ವಿಮೆಯ ಕಂತು, ಹಳೇ ಗಾಡಿಯ ರಿಪೇರಿ, ಮದುವೆ ಮುಂಜಿ ಬಂದಾಗಿನ ಖರ್ಚು, ಇವಕ್ಕೆ ಸಾಲೇ ಇಲ್ಲ. ಪತ್ರದ ಹಿಂದಿನ ಪುಟದಲ್ಲಿ "ಇದ್ದಕ್ಕಿದ್ದ ಹಾಗೆ ಫೀಸು ಬಂತು" ಎಂದಿದ್ದೀರಿ. ಫೀಸು ಇದ್ದಕ್ಕಿದ್ದ ಹಾಗೆ ಬರೋದಲ್ಲ ಬಿಡಿ. ಹೋದ ವರ್ಷವೂ ಹೆಚ್ಚುಕಮ್ಮಿ ಅದೇ ತಾರೀಕಿಗೆ ಬಂದಿತ್ತು. ವರ್ಷಕ್ಕೊಮ್ಮೆ ಬರೋದನ್ನೆಲ್ಲ ಒಂದು ಕಡೆ ಬರೆದು, ಕೂಡಿ, 12ರಿಂದ ಭಾಗಿಸಿ. ಅಷ್ಟು ದುಡ್ಡನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೋ ಬೇರೆ ಡಬ್ಬಿಗೋ ಹಾಕಿ. ಪೂರ್ತಿ ಆಗಲ್ಲ ಅಂದರೆ ಅರ್ಧ ಹಾಕಿ. ಅರ್ಧ ಇದ್ದರೂ ಫೀಸಿನ ತಿಂಗಳು ಕಾರ್ಡ್ ಉಜ್ಜೋದು ಅರ್ಧಕ್ಕೆ ನಿಲ್ಲುತ್ತೆ.

ಕಾರ್ಡಿನ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ನಿಮ್ಮ ಸಂಸಾರದಲ್ಲಿ ನಿಜವಾಗಿ ಸೋರುತ್ತಿರೋದು ಅಲ್ಲಿ. ತಿಂಗಳಿಗೆ ನೂರಕ್ಕೆ 3 ಬಡ್ಡಿ, ಮಿನಿಮಮ್ ಅಂತ ಬಾಕಿಯ ನೂರಕ್ಕೆ 5 ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ಕಟ್ಟಿದ 5ರಲ್ಲಿ 3 ಬಡ್ಡಿಗೆ ಹೋಯಿತು, ಅಸಲು ತೀರಿದ್ದು ಬರೀ 2. ನೂರರ ಸಾಲಕ್ಕೆ ಒಂದು ವರ್ಷ ಹೀಗೆ ಕಟ್ಟಿದರೆ ಕೈಯಿಂದ ಹೋಗೋದು ಸುಮಾರು 54, ಸಾಲ ಇಳಿಯೋದು ಸುಮಾರು 22. ಏನೂ ಕಟ್ಟದೇ ಬಿಟ್ಟರಂತೂ 24 ತಿಂಗಳಿಗೆ ಸಾಲ ದುಪ್ಪಟ್ಟು. ಇದಕ್ಕೆ ಸುಲಭದ ಬಾಯಿಲೆಕ್ಕ ಒಂದಿದೆ: 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಪ್ಪಟ್ಟಾಗೋಕೆ ಎಷ್ಟು ಕಾಲ ಬೇಕು ಅಂತ ಹತ್ತಿರ ಹತ್ತಿರ ಸಿಗುತ್ತೆ. ಅದಕ್ಕೇ ಹೇಳೋದು, ಕಾರ್ಡ್ ಒಳಗಿಡಿ, ಮಿನಿಮಮ್‌ಗಿಂತ ಎಷ್ಟಾದರೂ ಜಾಸ್ತಿ ಕಟ್ಟಿ. ಮೊದಲು ಉಳಿತಾಯ, ಆಮೇಲೆ ಸಾಲ ಎನ್ನುವವರ ಮಾತು ಇಲ್ಲಿ ಕೇಳಬೇಡಿ. ತಿಂಗಳಿಗೆ ನೂರಕ್ಕೆ 3 ಕೊಡುವ ಉಳಿತಾಯ ಖಾತೆ ಯಾವ ಬ್ಯಾಂಕಿನಲ್ಲೂ ಇಲ್ಲ.

ಈಗ ನಿಮ್ಮ ನಡಿಗೆಯ ವಿಷಯ. ಹೋಗಿ ಬರೋಕೆ ಮುಕ್ಕಾಲು ಗಂಟೆ ಎಂದಿದ್ದೀರಿ. ದಿನಾ ಹೋದರೆ ತಿಂಗಳಿಗೆ 22 ಗಂಟೆ ದಾಟುತ್ತೆ. ಎಂಟು ಗಂಟೆಯ ಕೆಲಸದ ದಿನ ಅಂತ ಹಿಡಿದರೆ ಹತ್ತಿರ ಹತ್ತಿರ ಮೂರು ದಿನ. ನಡೆದು ಉಳಿಸಿದ ದುಡ್ಡನ್ನು 22ರಿಂದ ಭಾಗಿಸಿ ನೋಡಿ. ಪಕ್ಕದಲ್ಲಿ ಒಂದು ಗಂಟೆ ಹೊಲಿದರೆ ಎಷ್ಟು ಬರುತ್ತೆ ಬರೆಯಿರಿ. ಸಮಯವೇ ಹಣ ಅನ್ನೋದು ನನಗೆ ಅಷ್ಟು ಹಿಡಿಸದ ಮಾತು. ಆ ಗಂಟೆಗೆ ಯಾರೂ ದುಡ್ಡು ಕೊಡದಿದ್ದರೆ ಸುಮ್ನೆ ನಡೆದು ಹೋಗೋದೇ ಸರಿ. ಆದರೆ ನಿಮ್ಮ ಮನೆಯಲ್ಲಿ ಹೊಲಿಯೋ ಬಟ್ಟೆ ಕಾಯುತ್ತಾ ಬಿದ್ದಿದೆ ಅಲ್ವಾ? ಹಾಗಿದ್ದ ಮೇಲೆ ನಡಿಗೆ ಬಿಟ್ಟಿಯಾಗಲಿಲ್ಲ.

ಅಂಗಡಿ ಬಿಡಬೇಡಿ, ದಿನಾ ಹೋಗೋದನ್ನು ಬಿಡಿ. ವಾರಕ್ಕೊಮ್ಮೆ ಹೋದರೆ ತಿಂಗಳಿಗೆ ಮೂರು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತೆ. "ಒಟ್ಟಿಗೆ ತರೋಕೆ ಒಟ್ಟಿಗೆ ದುಡ್ಡು ಬೇಕಲ್ಲ" ಅಂತೀರಿ, ಅದು ಸರಿ. ಕೈ ಬಿಗಿ ಇದ್ದವರು ಚಿಕ್ಕ ಪೊಟ್ಟಣ ಕೊಳ್ಳುತ್ತಾರೆ, ತೂಕಕ್ಕೆ ಹೋಲಿಸಿದರೆ ಸಾಮಾನ್ಯವಾಗಿ ಅದೇ ದುಬಾರಿ. ಒಂದೇ ಸಲ ಎಲ್ಲ ಬದಲಾಯಿಸೋಕೆ ಹೋಗಬೇಡಿ. ಈ ತಿಂಗಳು ಯಾವುದಾದರೂ ಒಂದೇ ಸಾಮಾನು, ಸೋಪೇ ಆಗಲಿ, ದೊಡ್ಡದು ತನ್ನಿ. ಮುಂದಿನ ತಿಂಗಳು ಇನ್ನೊಂದು.

ಬಿಲ್ ಮರೆತದ್ದಕ್ಕೆ ನಿಮ್ಮನ್ನೇ ಬೈದುಕೊಂಡಿದ್ದೀರಿ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಬುದ್ಧಿ ಓಡಿಸುವ ಪರೀಕ್ಷೆ ಕೊಟ್ಟರು. ಕಟಾವಿಗೆ ಮೊದಲು ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ. ಅದೇ ರೈತರು ಕೈ ಬರಿದಾಗಿದ್ದಾಗ ಕಡಿಮೆ ಅಂಕ ಪಡೆದರು. ದುಡ್ಡಿನ ಚಿಂತೆ ತಲೆಯಲ್ಲಿ ಜಾಗ ಹಿಡಿಯುತ್ತೆ, ಬೇರೆ ಕೆಲಸಕ್ಕೆ ಉಳಿಯೋ ಜಾಗ ಅಷ್ಟಕ್ಕಷ್ಟೇ. 22ನೇ ತಾರೀಕಿನ ಮೇಲೆ ನೀವು ಮರೆಯದಿದ್ದರೇ ಆಶ್ಚರ್ಯ. ಯಜಮಾನರಿಗೆ ಈ ಪುಟ ಓದೋಕೆ ಕೊಡಿ.

ನನ್ನದೂ ಒಂದು ಕಥೆ ಇದೆ. ಕೆಲವು ವರ್ಷದ ಹಿಂದೆ ಮನೆಯವಳ ಜೊತೆ ಜಿದ್ದಿಗೆ ಬಿದ್ದು, ಒಂದು ತಿಂಗಳು ಮನೆ ಲೆಕ್ಕ ನಾನೇ ನೋಡ್ತೀನಿ ಅಂದೆ. ದುಡ್ಡು ಎಣಿಸೋದು ಸುಲಭ ಇತ್ತು. ಗ್ಯಾಸ್ ಯಾವಾಗ ಮುಗಿಯುತ್ತೆ, ಯಾವ ಮಗುವಿನ ಚಪ್ಪಲಿ ಕಿತ್ತಿದೆ, ಮಾತ್ರೆ ಇನ್ನೆಷ್ಟು ದಿನಕ್ಕೆ ಬರುತ್ತೆ, ಇದನ್ನೆಲ್ಲ ಕಾಯೋದಿದೆಯಲ್ಲ, ಅದಾಗಲಿಲ್ಲ. ಮೂರನೇ ವಾರ ಪುಸ್ತಕ ತಂದು ಅವಳ ಮುಂದಿಟ್ಟೆ. ಅವಳು ನಗಲೂ ಇಲ್ಲ, ಪೆನ್ನು ತಗೊಂಡಳು ಅಷ್ಟೇ. ಎಣಿಸೋದಷ್ಟೇ ಲೆಕ್ಕ ಅಂತ ತಿಳಿದವನಿಗೆ ಈ ಕಾಯೋ ಕೆಲಸ ಕಾಣೋದೇ ಇಲ್ಲ. ನಿಮ್ಮ ಮನೆಯಲ್ಲಿ ಅದು ಒಬ್ಬರ ತಲೆಯ ಮೇಲಿದೆ, ಬೈಗುಳವೂ ಅವರ ಪಾಲಿಗೇ.

ಅದಕ್ಕೆ ತಾರೀಕುಗಳನ್ನೆಲ್ಲ ತಲೆಯಿಂದ ತೆಗೆದು ಗೋಡೆಯ ಕ್ಯಾಲೆಂಡರಿಗೆ ಹಾಕಿ. ಪ್ರತಿ ತಾರೀಕಿನ ಪಕ್ಕ ಕಟ್ಟುವವರ ಹೆಸರು ಇರಲಿ. ಕರೆಂಟ್ ಬಿಲ್ ಪಕ್ಕ ಯಜಮಾನರ ಹೆಸರು ಬರೆಯಿರಿ, ಆಮೇಲೆ ನೆನಪಿಸೋಕೆ ಹೋಗಬೇಡಿ. ಇದು ಕಷ್ಟ, ಗೊತ್ತು. ತಿಂಗಳಿಗೊಂದು ಸಂಜೆ ಅರ್ಧ ಗಂಟೆ ಇಬ್ಬರೂ ಕೂತು ಹಾಳೆಯನ್ನು ಜೋರಾಗಿ ಓದಿ. ಓದೋ ಕೆಲಸ ಅವರದು.

ಜಪಾನಿನಲ್ಲಿ 1904ರಲ್ಲೇ ಮನೆ ಲೆಕ್ಕದ ಪುಸ್ತಕ ಅಚ್ಚು ಹಾಕಿಸಿದ ಪತ್ರಕರ್ತೆಯೊಬ್ಬರಿದ್ದರು. ನಮ್ಮ ಹಾಗೇ ಪತ್ರಿಕೆ ನಡೆಸಿದವರು. ಹೆಸರು ಹಾನಿ ಮೊಟೊಕೊ. ಕನ್ನಡದ ಕಿವಿಗೆ ಹೆಸರೇ ತಮಾಷೆ, ಹಾನಿ ಎಂಬಾಕೆ ಉಳಿತಾಯ ಕಲಿಸಿದ್ದು! ಖರ್ಚಾದ ಮೇಲೆ ಬರೆದಿಟ್ಟರೆ ಸಾಲದು, ಯಾವುದಕ್ಕೆ ಎಷ್ಟು ಅಂತ ಮೊದಲೇ ಗೊತ್ತು ಮಾಡಬೇಕು ಅನ್ನೋದು ಅವರ ಪಾಠ. ನಿಮ್ಮದು ಖರ್ಚಾದ ಮೇಲಿನ ಬರಹ. ಮುಂದಿನ ಹಾಳೆಯನ್ನು 1ನೇ ತಾರೀಕಿಗೇ ತುಂಬಿ.

ತುಂಬುವಾಗ ಒಂದು ಗಮನಿಸಿ. ಹಾಳೆಯಲ್ಲಿ ಯಜಮಾನರ ಸಾಲಿದೆ, ಮಕ್ಕಳದ್ದಿದೆ, ಅತ್ತೆಯವರ ಔಷಧಿ ಇದೆ. ನಿಮ್ಮದು ಇಲ್ಲ. ಹುಡುಕಿದೆ, ಎಲ್ಲೂ ಇಲ್ಲ. ದೊಡ್ಡವರು ಒಬ್ಬೊಬ್ಬರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಒಂದಿಷ್ಟು ದುಡ್ಡು ಇಡಿ, ಎಷ್ಟು ಚಿಕ್ಕದಾದರೂ ಸರಿ. ಇಬ್ಬರಿಗೂ ಸಮ. ಅದೂ ಇಲ್ಲದ ಹಾಳೆ ಮೂರು ತಿಂಗಳು ಬಾಳಿಕೆ ಬರಲ್ಲ. ಅತ್ತೆಯವರ ಔಷಧಿಯ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.

ಹಾಳೆಯನ್ನು ಈ ಪತ್ರದ ಜೊತೆಗೇ ವಾಪಸ್ ಕಳಿಸುತ್ತಿದ್ದೇನೆ. ನೀವು ಸಾಮಾನು ತರುವ ವಾರ, ಸೋಮವಾರವೋ ಶನಿವಾರವೋ, ಐದು ಸಲ ಬರೋ ತಿಂಗಳು ಯಾವುದು ಅಂತ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ. ಅಂಥ ಮೊದಲ ತಿಂಗಳು ಮುಗಿದ ಮೇಲೆ ಬರೆಯಿರಿ. ಆ ತಿಂಗಳ ಹಾಳೆಯನ್ನೂ ಕಳಿಸಿ.

– ಸಂಪಾದಕ