ಮನೆ ಎಲ್ಲಿ: ಕುಂದಾಪುರವೋ, ಮಂಡ್ಯವೋ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆಗಿದ್ದೇವೆ. ಯಜಮಾನರ ಆಫೀಸು ಬೆಂಗಳೂರಿನಲ್ಲಿ. ವಾರಕ್ಕೆ 3 ದಿನ ಹೋಗಲೇಬೇಕು. ನನ್ನ ತವರು ಕುಂದಾಪುರ. ಅಲ್ಲಿ ಹತ್ತು ಸೆಂಟ್ಸ್ ಜಾಗ ನೋಡಿದ್ದೇವೆ. ಅತ್ತೆಯವರು ಮಾತ್ರ ‘ಮಂಡ್ಯದಲ್ಲಿ ಮೂವತ್ತು–ನಲವತ್ತರ ಸೈಟು ತಗೊಳ್ಳಿ, ರೈಲಿದೆ’ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಆ 3 ದಿನ ಯಾವ್ಯಾವುವು ಎಂಬುದನ್ನು ಮೊದಲು ಯಜಮಾನರಿಂದ ಖಚಿತ ಮಾಡಿಕೊಳ್ಳಿ. ಮಂಗಳವಾರ, ಬುಧವಾರ, ಗುರುವಾರ ಎಂದು ಒಟ್ಟಿಗೆ ಬಂದರೆ ಎರಡೂ ಊರನ್ನು ತೂಗಿ ನೋಡಬಹುದು. ಸೋಮವಾರ, ಬುಧವಾರ, ಶುಕ್ರವಾರ ಎಂದು ಚದುರಿದ್ದರೆ ಕುಂದಾಪುರದ ಮಾತು ಬಿಡಿ.

ಒಟ್ಟಿಗೆ ಬಂದರೆ ಲೆಕ್ಕ ಹೀಗೆ. ಮಂಡ್ಯದಿಂದ ಮೆಜೆಸ್ಟಿಕ್‌ಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಮೆಮು ಲೋಕಲ್ ರೈಲಿನಲ್ಲಿ ಎರಡರ ಹತ್ತಿರ. ಮನೆಯಿಂದ ಸ್ಟೇಷನ್ನು, ಪ್ಲಾಟ್‌ಫಾರ್ಮಿನ ಕಾಯುವಿಕೆ, ಆಮೇಲಿನ ಮೆಟ್ರೊ ಎಲ್ಲ ಸೇರಿ ಒಂದು ಕಡೆಗೆ 3 ಗಂಟೆ ಹಿಡಿಯಿರಿ. 3 ದಿನಕ್ಕೆ 18 ಗಂಟೆ. ಕುಂದಾಪುರದಿಂದಾದರೆ ಸೋಮವಾರ ರಾತ್ರಿಯ ರೈಲಿಗೆ ಹೊರಟು ಗುರುವಾರ ರಾತ್ರಿ ಮರಳುವುದು. ಹೋಗಿಬರಲು ಇಪ್ಪತ್ತನಾಲ್ಕು ಗಂಟೆಯ ಆಸುಪಾಸು, ಅದರಲ್ಲಿ ಬಹುಪಾಲು ನಿದ್ದೆ. ಕಾಗದದ ಮೇಲೆ ಅಂಥ ವ್ಯತ್ಯಾಸವಿಲ್ಲ. ಆದರೆ ಬೆಂಗಳೂರಿನಲ್ಲಿ ಎರಡು ರಾತ್ರಿಯ ಪಿ.ಜಿ. ಖರ್ಚು ಸೇರಿಸಬೇಕು. ಟಿಕೆಟ್ 60 ದಿನ ಮೊದಲೇ ಬುಕ್ ಆಗಬೇಕು. ಮೀಟಿಂಗ್ ಒಂದು ದಿನ ಮುಂದೆ ಹೋದರೆ ತತ್ಕಾಲ್‌ಗೆ ಪರದಾಟ. ಮಳೆಗಾಲದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಭರವಸೆಯೂ ಇಲ್ಲ: 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಕುಸಿದು ವಾರಕ್ಕೂ ಹೆಚ್ಚು ಕಾಲ ರೈಲು ನಿಂತಿತ್ತು.

ಮಂಡ್ಯದ ರೈಲಿಗೂ ಹುಳುಕಿದೆ. ಬೆಳಗಿನ ಗಾಡಿಗಳು ಮೈಸೂರಿನಲ್ಲೇ ತುಂಬಿ ಬರುತ್ತವೆ. ತಿಂಗಳ ಪಾಸು ರಿಸರ್ವೇಷನ್ ಬೋಗಿಗೆ ನಡೆಯದು, ಸೂಪರ್‌ಫಾಸ್ಟ್ ಹತ್ತಬೇಕಾದರೆ ಬೇರೆ ಸರ್‌ಚಾರ್ಜ್ ಕಟ್ಟಬೇಕು. ಆದ್ದರಿಂದ ನಿಂತು ಹೋಗಲು ಸಿದ್ಧರಾಗಿರಲಿ. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿಗೆ ಬಿಡದಿ ಬಳಿ ಟೋಲ್. ಬೈಕಿಗೆ 2023ರ ಆಗಸ್ಟ್‌ನಿಂದ ಮುಖ್ಯ ಲೇನಿನಲ್ಲಿ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯೇ ಗತಿ. ಆಫೀಸು ವೈಟ್‌ಫೀಲ್ಡ್ ಕಡೆಯಾದರೆ ಮೆಟ್ರೊದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ನಿಂದಲೇ ಗಂಟೆ ಹೊತ್ತು ಬೇಕು. ಹಾಗಿದ್ದರೆ ಮಂಡ್ಯಕ್ಕಿಂತ ರಾಮನಗರ ಮೇಲು.

ಇನ್ನು ಜಾಗ. ಕುಂದಾಪುರದ ಹತ್ತು ಸೆಂಟ್ಸ್ ವರ್ಗ (ಸ್ವಂತ ಪಟ್ಟಾ) ಜಾಗವೋ, ಕುಮ್ಕಿಯೋ? ಕುಮ್ಕಿ ಎಂದರೆ ಸರ್ಕಾರಿ ಜಮೀನಿನ ಮೇಲೆ ಪಕ್ಕದ ವರ್ಗದಾರರಿಗಿರುವ ಸೌಲಭ್ಯ ಮಾತ್ರ, ಒಡೆತನವಲ್ಲ. ‘ನಮ್ಮಜ್ಜನ ಕಾಲದಿಂದ ನಾವೇ ಸೊಪ್ಪು ಕಡಿಯುತ್ತಿದ್ದೇವೆ’ ಎಂಬ ಮಾತಿಗೆ ಮುಂಗಡ ಕೊಡಬೇಡಿ. ಆರ್‌ಟಿಸಿ, ಕನ್ವರ್ಷನ್ ಆದೇಶ, ಪಂಚಾಯಿತಿ ವ್ಯಾಪ್ತಿಯಾದರೆ ಖಾತೆಯ 9/11 ನಮೂನೆ, ಮೂವತ್ತು ವರ್ಷದ ಋಣಭಾರ ಪತ್ರ, ಇಷ್ಟೂ ಕೈಗೆ ಬರಲಿ. ಸಮುದ್ರ ಕಾಣಿಸುವುದಿಲ್ಲವೆಂದು ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಮರೆಯುವವರೇ ಹೆಚ್ಚು. ಕಡಲಿನ ಉಬ್ಬರದ ಗೆರೆಯಿಂದ 500 ಮೀಟರ್ ಅದರ ವ್ಯಾಪ್ತಿ. ಉಪ್ಪುನೀರು ಏರುವ ಹೊಳೆಗೆ 2019ರ ಅಧಿಸೂಚನೆಯಂತೆ 50 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಕಡಿಮೆಯಾದದ್ದು. ಕುಂದಾಪುರದ ಮೂರು ಕಡೆ ಹೊಳೆಯೇ ಇರುವುದರಿಂದ ಇದು ನೋಡಲೇಬೇಕಾದ ವಿಷಯ. ಬಾವಿ ನೀರನ್ನು ಏಪ್ರಿಲ್–ಮೇ ತಿಂಗಳಲ್ಲೇ ಕುಡಿದು ನೋಡಿ. ಆಗಸ್ಟ್‌ನಲ್ಲಿ ಎಲ್ಲ ಬಾವಿಯೂ ಸಿಹಿ.

ಯಜಮಾನರಿಗೆ ಈ ಕೆಲಸವೇ ಮುಂದುವರಿಯುವುದಾದರೆ ನಾವು ಹೇಳುವುದು ಮಂಡ್ಯ. ತವರಿನ ಜಾಗ ಕೈತಪ್ಪುತ್ತದೆ ಅನ್ನಿಸಿದರೆ ಕಾಗದ ಸರಿಯಿದ್ದಲ್ಲಿ ಕೊಂಡಿಡಿ, ಮನೆ ಮಾತ್ರ ಈಗ ಕಟ್ಟಬೇಡಿ. ಬೀಗ ಹಾಕಿದ ಮನೆಯನ್ನು ಕರಾವಳಿಯ ಒಂದು ಮಳೆಗಾಲ ಬೂಷ್ಟು ಹಿಡಿಸದೆ ಬಿಡದು.

ಪ್ರಶ್ನೆ: ಮಲ್ಪೆ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಪರಿಚಯದ ಮಂಡ್ಯದ ಮೇಸ್ತ್ರಿಯನ್ನೇ ಕರೆದೊಯ್ಯಬಹುದೇ?

ಉತ್ತರ: ಕರೆದೊಯ್ಯಿರಿ, ಅವರ ಅಭ್ಯಾಸವನ್ನು ಇಲ್ಲೇ ಬಿಡಿಸಿ. ಒಳನಾಡಿನಲ್ಲಿ ಸ್ಲ್ಯಾಬಿನ ಕಂಬಿಗೆ 20 ಮಿ.ಮೀ. ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ), ಎಂ20 ದರ್ಜೆಯ ಕಾಂಕ್ರೀಟ್ ನಡೆಯುತ್ತದೆ. ಕಡಲ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿಗೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕೇಳುವುದು 45 ಮಿ.ಮೀ. ಮತ್ತು ಎಂ30. ಉಪ್ಪಿನಂಶ ಕಾಂಕ್ರೀಟಿನೊಳಗೆ ಇಳಿದು ಕಂಬಿ ತಲುಪಿದರೆ ತುಕ್ಕು ಏಳುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ತಾರಸಿಯ ಅಡಿಭಾಗ ಬಿರಿದು ಹಪ್ಪಳದಂತೆ ಎದ್ದು ಉದುರುತ್ತದೆ. ಕಂಬಿಯಡಿಗೆ ಜಲ್ಲಿ ಚೂರು ಸಿಕ್ಕಿಸುವುದು ಬೇಡ, ಎರಕದ ಕವರ್ ಬ್ಲಾಕ್ ಇಡಿಸಿ. ಒಂದು ಎಚ್ಚರಿಕೆ: 5 ಇಂಚಿನ ಸ್ಲ್ಯಾಬಿನ ದಪ್ಪ ಹಾಗೇ ಇಟ್ಟು ಕವರ್ ಮಾತ್ರ ಹೆಚ್ಚಿಸಿದರೆ ಕಂಬಿ ಮೇಲಕ್ಕೆ ಸರಿದು ಸ್ಲ್ಯಾಬು ದುರ್ಬಲವಾಗುತ್ತದೆ. ದಪ್ಪವನ್ನು ಎಂಜಿನಿಯರರಿಂದ ಹೊಸದಾಗಿ ಲೆಕ್ಕ ಹಾಕಿಸಿ.

ಕಡಲ ಮರಳು ಮುಟ್ಟಬೇಡಿ. ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ಮೀರಬಾರದು, ಉಪ್ಪು ಬಾವಿಯಾದರೆ ಟ್ಯಾಂಕರ್ ತರಿಸಿ. ಕಿಟಕಿ–ಗೇಟಿಗೆ ಸ್ಟೇನ್‌ಲೆಸ್ ಸ್ಟೀಲ್ ಬೇಕಿದ್ದರೆ 304 ದರ್ಜೆಯದ್ದಲ್ಲ, 316. ಗೋಡೆಗೆ ಅಲ್ಲಿನ ಕೆಂಪು ಕಲ್ಲು ಹಾಕಿಸುವುದಾದರೆ ಆ ಕೆಲಸ ಮಾತ್ರ ಸ್ಥಳೀಯ ಕಲ್ಲುಕೆಲಸದವರಿಗೇ ಕೊಡಿ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಮಂಡ್ಯದಲ್ಲಿ 700ರ ಆಸುಪಾಸು. ಒಂದೂವರೆ ಅಡಿಯ ಸಜ್ಜ ಅಲ್ಲಿ ಸಾಲದು, ಎರಡೂವರೆ ಅಡಿಯಾದರೂ ಇರಲಿ.

ಪ್ರಶ್ನೆ: ಮಂಡ್ಯದಲ್ಲಿ ನಾಲೆ ಪಕ್ಕದ ಬಡಾವಣೆಯ ಸೈಟು ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?

ಉತ್ತರ: ಬೇಸಿಗೆಯಲ್ಲಿ ನೋಡಿ ಒಪ್ಪಬೇಡಿ. ನಾಲೆಗೆ ನೀರು ಬಿಟ್ಟು, ಗದ್ದೆ ನಾಟಿಯಾದ ಮೇಲೆ ಹೋಗಿ ಅಕ್ಕಪಕ್ಕದ ಮನೆಗಳ ಗೋಡೆ ನೋಡಿ. ನೆಲದಿಂದ ಎರಡು–ಮೂರು ಅಡಿ ಎತ್ತರಕ್ಕೆ ಬಣ್ಣ ಉಬ್ಬಿ, ಬಿಳಿ ಉಪ್ಪು ಬಿಟ್ಟಿದ್ದರೆ ಬಸಿ ನೀರಿದೆ ಎಂದೇ ಅರ್ಥ. ಸೈಟಿನಲ್ಲಿ 5 ಅಡಿ ಗುಂಡಿ ತೋಡಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೀರು ನಿಂತಿದ್ದರೆ ತಳಪಾಯ, ಡಿ.ಪಿ.ಸಿ. (ಗೋಡೆಗೆ ತೇವ ಏರದಂತೆ ತಡೆಯುವ ಪದರ), ನೆಲ ಎತ್ತರಿಸುವ ಮಣ್ಣು ಇವುಗಳಿಗಾಗುವ ಹೆಚ್ಚುವರಿ ಖರ್ಚನ್ನು ಸೈಟಿನ ಬೆಲೆಗೆ ಕೂಡಿಸಿ, ಆಮೇಲೆ ಚೌಕಾಸಿಗೆ ಕೂರಿ.