ದುರಂತಕ್ಕಿಂತ ಮೊದಲೇ ಅಲ್ಲಿದ್ದ ಚರ್ಚ್

ಓದುಗರೊಬ್ಬರ ಪತ್ರ: ನ್ಯೂಯಾರ್ಕಿನ ಹೊಸ ಸಂತ ನಿಕೋಲಸ್ ಚರ್ಚ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ಓದಿದೆ. ಅವಳಿ ಗೋಪುರ ಉರುಳಿ ಎಲ್ಲ ಧರ್ಮದವರೂ ಸತ್ತ ಜಾಗ ಅದು. ಅಲ್ಲಿ ಒಂದೇ ಪಂಥದವರ ಚರ್ಚ್ ಯಾಕೆ? ಸ್ಮಾರಕ ಕಟ್ಟುವುದಾದರೆ ಸಂತನ ಹೆಸರು ಯಾಕೆ ಬೇಕು? ಅದೂ ರಾಶಿ ದುಡ್ಡು ಸುರಿದು ಯಾವುದೋ ಹಳೇ ಚರ್ಚಿನ ನಕಲು ಮಾಡಿದ್ದಾರೆ. ಇದರಲ್ಲಿ ಹೊಸದೇನಿದೆ? ಕೊನೆಗೆ ಒಳಗಿನ ಚಿತ್ರವನ್ನಾದರೂ ಹಾಕಬಾರದಿತ್ತೇ?

ಸಂಪಾದಕರ ಉತ್ತರ:

ಖಾರವಾಗಿಯೇ ಬರೆದಿದ್ದೀರಿ, ಸಂತೋಷ. ದುಡ್ಡಿನ ವಿಷಯದಲ್ಲಿ ನಿಮ್ಮ ಸಿಟ್ಟು ನನಗೂ ಸ್ವಲ್ಪ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಮೊದಲ ಮಾತನ್ನು ಒಪ್ಪಲಾರೆ. ದುರಂತ ಆಯಿತು ಅಂತ ಹುಟ್ಟಿಕೊಂಡ ಚರ್ಚ್ ಅಲ್ಲ ಇದು. ದುರಂತವೇ ಅದರ ಮೇಲೆ ಬಂದು ಬಿತ್ತು.

ಗ್ರೀಸಿನಿಂದ ವಲಸೆ ಬಂದವರು 1916ರಲ್ಲಿ ಕಟ್ಟಿಕೊಂಡ ಸಭೆ ಅದು. ಸೀಡರ್ ಸ್ಟ್ರೀಟ್‌ನ 155ನೇ ನಂಬರಿನ ಅವರ ಕಟ್ಟಡವನ್ನು ಚರ್ಚ್ ಅಂತ ಕಟ್ಟಿದ್ದೇ ಅಲ್ಲ. 1830ರ ದಶಕದ ಮನೆ ಅದು, ಮಧ್ಯೆ ಒಂದಷ್ಟು ಕಾಲ ಹೆಂಡದಂಗಡಿಯೂ ಆಗಿತ್ತು. 1922ರಿಂದ ಅಲ್ಲಿ ಪ್ರಾರ್ಥನೆ ಶುರುವಾಯಿತು. ಅಗಲ 22 ಅಡಿ, ಎತ್ತರ ಸುಮಾರು 35 ಅಡಿ. ಅಕ್ಕಪಕ್ಕದ ಮನೆಗಳೆಲ್ಲ ಒಂದೊಂದಾಗಿ ಹೋಗಿ, ಸುತ್ತ ಕಾರು ನಿಲ್ಲಿಸುವ ಬಯಲಾಯಿತು. ಆ ಬಯಲಿನ ನಡುವೆ ಬಿಳಿ ಬಣ್ಣದ ಈ ಪುಟ್ಟ ಕಟ್ಟಡ ಒಂಟಿಯಾಗಿ ನಿಂತಿತ್ತು, ಎದುರಿಗೆ 110 ಮಹಡಿಯ ದಕ್ಷಿಣ ಗೋಪುರ. ಬುಧವಾರ ಯಾರು ಬೇಕಾದರೂ ಒಳಗೆ ಬರಲಿ ಅಂತ ಬಾಗಿಲು ತೆರೆದಿಡುತ್ತಿದ್ದರು. 2001ರ ಸೆಪ್ಟೆಂಬರ್ 11ರಂದು ಗೋಪುರ ಕುಸಿದಾಗ ಚರ್ಚ್ ಪೂರ್ತಿ ಹೂತುಹೋಯಿತು. ಆಮೇಲೆ ಅವಶೇಷ ಕೆದಕಿದಾಗ ಸಿಕ್ಕಿದ್ದು ಬೆರಳೆಣಿಕೆಯ ಸಾಮಾನು, ಅದರಲ್ಲಿ ಸಂತರ ಚಿತ್ರಪಟ ಎರಡು. ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದ ಸಂತ ನಿಕೋಲಸರ ದೇಹದ ಪವಿತ್ರ ಅವಶೇಷ ಮಾತ್ರ ಸಿಗಲೇ ಇಲ್ಲ.

ಮನೆ ಕಳೆದುಕೊಂಡವರು ಮತ್ತೆ ಮನೆ ಕಟ್ಟಿಕೊಳ್ಳುವುದನ್ನು ನಾವು ತಪ್ಪು ಅನ್ನುವುದಿಲ್ಲ, ಅಲ್ವಾ? ಎಲ್ಲರಿಗೂ ಸೇರಿದ ಸ್ಮಾರಕ ಬೇಕು ಅನ್ನುತ್ತೀರಿ. ಅದು ಅಲ್ಲೇ ಪಕ್ಕದಲ್ಲಿದೆ. ಗೋಪುರಗಳಿದ್ದ ಎರಡು ಗುಂಡಿಗಳಲ್ಲಿ ನೀರು ಇಳಿಯುತ್ತಿದೆ, ಸುತ್ತಲಿನ ಕಂಚಿನ ಹಲಗೆಗಳಲ್ಲಿ 2,983 ಹೆಸರುಗಳಿವೆ. ಅಲ್ಲಿ ಯಾವ ಪಂಥದ ಗುರುತೂ ಇಲ್ಲ. ಚರ್ಚ್ ಆ ಕೆಲಸ ಮಾಡಬೇಕಾಗಿಲ್ಲ.

ಸಂತನ ಹೆಸರಿನ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ. ನಿಕೋಲಸ್ ನಾಲ್ಕನೇ ಶತಮಾನದಲ್ಲಿ ಮೈರಾ ಊರಿನ ಬಿಷಪ್. ಆ ಜಾಗ ಈಗ ಟರ್ಕಿಯಲ್ಲಿದೆ, ಡೆಮ್ರೆ ಅಂತಾರೆ. ಬಡವನೊಬ್ಬನ ಮೂರು ಹೆಣ್ಣುಮಕ್ಕಳ ಮದುವೆಗೆಂದು ರಾತ್ರೋರಾತ್ರಿ ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದ ಅನ್ನುವ ಕಥೆ ಇವರದ್ದೇ. ಕೆಂಪು ಕೋಟಿನ ಸಾಂತಾಕ್ಲಾಸ್ ಆಗಿದ್ದು ಬಹಳ ಆಮೇಲೆ. ಗ್ರೀಕರಿಗೆ ಮಾತ್ರ ಅವರು ಮೊದಲಿಗೆ ಹಡಗಿನವರನ್ನು ಕಾಯುವ ಸಂತ. ಸಮುದ್ರ ದಾಟಿ ಬಂದವರು ಬಂದರಿನ ಊರಲ್ಲಿ ಈ ಹೆಸರು ಇಟ್ಟುಕೊಂಡಿದ್ದು ಸಹಜ. ಹೊಸ ಕಟ್ಟಡಕ್ಕೆ ಯಾರೂ ಹೊಸದಾಗಿ ಹೆಸರು ಹುಡುಕಲಿಲ್ಲ.

ಇನ್ನು ದುಡ್ಡು. ಪತ್ರಿಕೆಗಳಲ್ಲಿ ಬಂದ ಲೆಕ್ಕ ಸುಮಾರು 8.5 ಕೋಟಿ ಡಾಲರ್. ಇಷ್ಟು ಚಿಕ್ಕ ಕಟ್ಟಡಕ್ಕೆ ಅದು ಜಾಸ್ತಿಯೇ. ಜಾಗದ ವಿಷಯದಲ್ಲಿ, ಗೋಪುರಗಳಿದ್ದ ನೆಲದ ಒಡೆತನವಿರುವ ಸರ್ಕಾರಿ ಸಂಸ್ಥೆ ಪೋರ್ಟ್ ಅಥಾರಿಟಿ ಜೊತೆ 2008ರಲ್ಲಿ ಆದ ಒಪ್ಪಂದ ಮರುವರ್ಷವೇ ಮುರಿಯಿತು. ವಿಷಯ ಕೋರ್ಟಿಗೆ ಹೋಗಿ 2011ರಲ್ಲಿ ರಾಜಿಯಾಯಿತು. ಹಳೇ ಜಾಗ ಬಿಟ್ಟುಕೊಟ್ಟು ಲಿಬರ್ಟಿ ಸ್ಟ್ರೀಟ್‌ನಲ್ಲಿ ದೊಡ್ಡ ಜಾಗ ತೆಗೆದುಕೊಂಡರು. ಕೆಲಸ ಶುರುವಾದ ಮೇಲೆ 2017ರ ಡಿಸೆಂಬರಿನಲ್ಲಿ ಹಣ ಮುಗಿದು ನಿಂತೇಹೋಯಿತು. ಅರೆಬರೆ ಗುಮ್ಮಟ ಮಳೆ ಬಿಸಿಲಿಗೆ ವರ್ಷಗಟ್ಟಲೆ ಬಿದ್ದಿತ್ತು. ಭಕ್ತರು ಕೊಟ್ಟ ಕಾಣಿಕೆ ಎಲ್ಲಿ ಹೋಯಿತು ಅಂತ ತನಿಖೆಯೂ ನಡೆಯಿತು. ಹೊಸದಾಗಿ ಹಣ ಕೂಡಿಸಿ ಮತ್ತೆ ಕೈಹಚ್ಚಿದ್ದು 2020ರಲ್ಲಿ. ನನ್ನ ಕೇಳಿದರೆ, ಲೆಕ್ಕ ಸರಿಯಾಗಿ ಇಟ್ಟಿದ್ದರೆ ಈ ಚರ್ಚ್ ಬೇಗ ಏಳುತ್ತಿತ್ತು, ಹೆಸರೂ ಕೆಡುತ್ತಿರಲಿಲ್ಲ.

ನಕಲು ಅಂದಿದ್ದು ಮಾತ್ರ ಅನ್ಯಾಯ. ವಾಸ್ತುಶಿಲ್ಪಿ ಸ್ಪೇನಿನ ಸಾಂಟಿಯಾಗೊ ಕಲತ್ರಾವ. ಹಿಂದೆ ಚರ್ಚ್ ಆಗಿದ್ದ ಇಸ್ತಾಂಬುಲ್‌ನ ಹಗಿಯಾ ಸೋಫಿಯಾದಿಂದ ಸ್ಫೂರ್ತಿ ತೆಗೆದುಕೊಂಡಿದ್ದೇನೆ ಅಂತ ಅವರೇ ಹೇಳಿದ್ದಾರೆ, ಮುಚ್ಚಿಟ್ಟಿಲ್ಲ. 537ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟಕ್ಕೆ 40 ಕಿಟಕಿ, ಇಲ್ಲಿನ ಗುಮ್ಮಟಕ್ಕೆ ಪಕ್ಕೆಲುಬಿನಂಥ 40 ಏಣುಗಳು. ಈ ಗ್ರೀಕರು ಆರ್ಥೊಡಾಕ್ಸ್ ಅನ್ನುವ ಪೂರ್ವದ ಕ್ರೈಸ್ತ ಪಂಥದವರು. ಆ ಪಂಥದ ಚರ್ಚ್‌ಗಳಲ್ಲಿ ಹಳೆಯ ಅಚ್ಚು ಬಿಡದಿರುವುದೇ ಮರ್ಯಾದೆ. ಮೇಲೆ ಗುಮ್ಮಟ, ಬಲಿಪೀಠದ ಮುಂದೆ ಸಂತರ ಚಿತ್ರಗಳ ಅಡ್ಡಗೋಡೆ. ಇಷ್ಟು ಇರಲೇಬೇಕು.

ಆದರೆ ಗೋಡೆ ನೋಡಿ. ಏಥೆನ್ಸ್ ಹತ್ತಿರದ ಪೆಂಟೆಲಿ ಬೆಟ್ಟದ ಬಿಳಿ ಅಮೃತಶಿಲೆ, ಏಥೆನ್ಸಿನ ಪುರಾತನ ದೇಗುಲ ಪಾರ್ಥೆನಾನ್‌ಗೆ ಹಾಕಿದ್ದೂ ಇದೇ ಬೆಟ್ಟದ ಕಲ್ಲು. ಅದನ್ನು ಬೆಳಕು ಹಾಯುವಷ್ಟು ತೆಳ್ಳಗೆ ಸೀಳಿ, ಗಾಜಿಗೆ ಅಂಟಿಸಿ, ಹಿಂದಿನಿಂದ ದೀಪ ಇಟ್ಟಿದ್ದಾರೆ. ಹಗಲು ಸುಮ್ನೆ ಬಿಳಿ ಕಲ್ಲು. ಕತ್ತಲಾದ ಮೇಲೆ ದೀಪ ಹಾಕಿದರೆ ಗುಮ್ಮಟಕ್ಕೆ ಗುಮ್ಮಟವೇ ಒಳಗಿನಿಂದ ಬೆಳಗುತ್ತದೆ, ಕಲ್ಲಿನ ಗೆರೆಗಳೆಲ್ಲ ಕಾಣುತ್ತವೆ. ಹಗಿಯಾ ಸೋಫಿಯಾದಲ್ಲಿ ಬೆಳಕು ಕಿಟಕಿಯಿಂದ ಒಳಗೆ ಬರುತ್ತದೆ, ಇಲ್ಲಿ ಗೋಡೆಯಿಂದಲೇ ಹೊರಗೆ ಹೋಗುತ್ತದೆ. ನೀವು ಕೇಳಿದ ಹೊಸದು ಇದೇ. ಹಗಲಿನಲ್ಲಿ ಹೊರಗಿನಿಂದ ಅದು ಕೊಂಚ ಬೋಳು ಅನಿಸುತ್ತದೆ ಅಂದರೆ ನಾನು ಜಗಳ ಆಡುವುದಿಲ್ಲ.

ಇನ್ನೊಂದು ವಿಷಯ ಆ ಬರಹದಲ್ಲಿ ಜಾಗ ಸಾಲದೆ ಬಿಟ್ಟುಹೋಗಿತ್ತು, ನಿಮ್ಮ ಸ್ಮಾರಕದ ಮಾತಿಗೆ ಅದೇ ನೇರ ಉತ್ತರ. ಇಂಥ ಚರ್ಚ್ ಕಟ್ಟಿ ಮುಗಿದ ಕೂಡಲೇ ಚರ್ಚ್ ಆಗುವುದಿಲ್ಲ. ಬಿಷಪ್ ತಮ್ಮ ಉಡುಪಿನ ಮೇಲೆ ಬಿಳಿ ನಾರುಬಟ್ಟೆ ತೊಟ್ಟುಕೊಂಡು ಬರುತ್ತಾರೆ. ಸಂತರ ಪವಿತ್ರ ಅವಶೇಷವನ್ನು ಬಲಿಪೀಠದ ಒಳಗೆ ಇಟ್ಟು, ಮೇಣ ಮತ್ತು ಸುಗಂಧದ ಅಂಟು ಕರಗಿಸಿ ಮುಚ್ಚುತ್ತಾರೆ. ಆಮೇಲೆ ಬಿಸಿನೀರು, ಸೋಪು, ಪನ್ನೀರು, ದ್ರಾಕ್ಷಾರಸ ಹಾಕಿ ಬಲಿಪೀಠವನ್ನು ಕೈಯಾರೆ ತಿಕ್ಕಿ ತೊಳೆಯುತ್ತಾರೆ. ದೊಡ್ಡ ಪದವಿಯಲ್ಲಿರುವವರು ತೋಳು ಬಿಗಿದು ಕಲ್ಲು ಉಜ್ಜುವುದನ್ನು ನೋಡಬೇಕು. ಕೊನೆಗೆ ಪವಿತ್ರ ತೈಲ ಸವರಿ ಬಟ್ಟೆ ಹೊದಿಸುತ್ತಾರೆ. ಗ್ರೀಕ್ ಚರ್ಚ್‌ಗಳಿಗೆ ಈ ತೈಲ ತಯಾರಾಗುವುದು ಇಸ್ತಾಂಬುಲ್‌ನಲ್ಲಿ, ಸುಮಾರು ಹತ್ತು ವರ್ಷಕ್ಕೊಮ್ಮೆ.

ಈ ಪ್ರತಿಷ್ಠೆ 2022ರ ಜುಲೈ 4ರಂದು ಆರ್ಚ್‌ಬಿಷಪ್ ಎಲ್ಪಿಡೊಫೊರೊಸ್ ನೇತೃತ್ವದಲ್ಲಿ ನಡೆಯಿತು. ಅದೇ ವರ್ಷ ಡಿಸೆಂಬರ್ 6ಕ್ಕೆ ಚರ್ಚ್ ಎಲ್ಲರಿಗೂ ತೆರೆಯಿತು. ಅದು ಸಂತ ನಿಕೋಲಸರ ಹಬ್ಬದ ದಿನ, ಸೆಪ್ಟೆಂಬರ್ 11 ಅಲ್ಲ ಅನ್ನುವುದನ್ನು ಗಮನಿಸಿ. ಒಂದೇ ಪಂಥದವರ ಜಾಗ ಅಂದಿರಲ್ಲ, ಪೂಜೆ ಅವರದ್ದು, ನಿಜ. ಆದರೆ ಯಾವ ಧರ್ಮದವರಾದರೂ, ಧರ್ಮವೇ ಬೇಡ ಅನ್ನುವವರಾದರೂ ಬಂದು ಸುಮ್ಮನೆ ಕೂರಲಿ ಅಂತ ಅದೇ ಕಟ್ಟಡದಲ್ಲಿ ಬೇರೆ ಜಾಗ ಮಾಡಿದ್ದಾರೆ.

ಒಳಗಿನ ಚಿತ್ರಗಳು ಮುಂದಿನ ಸಂಚಿಕೆಯಲ್ಲಿ ಬರುತ್ತವೆ. ಗೋಡೆಯ ಮೇಲಿನ ಸಂತರನ್ನು ಬರೆದವರು ಗ್ರೀಸಿನ ಆಥೋಸ್ ಬೆಟ್ಟದ ಕ್ಸೆನೊಫೊಂತೋಸ್ ಮಠದ ಸನ್ಯಾಸಿ ಲೂಕಾಸ್. ಅವರ ಕೆಲಸಕ್ಕೆ ಮೂಲೆಯಲ್ಲಿ ಒಂದು ಚಿಕ್ಕ ಫೋಟೋ ಹಾಕಿದರೆ ಸಾಲದು ಅಂತ ಪ್ರತ್ಯೇಕ ಪುಟವನ್ನೇ ಇಟ್ಟಿದ್ದೇವೆ.