ಕಥಾನಾಯಕ ಬೆಳೆಯುತ್ತಿಲ್ಲ ಎಂಬ ನಿಮ್ಮ ಪ್ರಶ್ನೆಗೆ

ಮಂಡ್ಯದ ಹಳ್ಳಿಯಿಂದ ಮೈಸೂರಿನ ಪಿಯು ಕಾಲೇಜಿಗೆ ಬರುವ ನಿಮ್ಮ 16 ವರ್ಷದ ನಾಯಕ ಕೊನೆಯವರೆಗೂ ಇದ್ದ ಹಾಗೆಯೇ ಉಳಿಯುತ್ತಾನೆಂದು ಓದಿದವರು ಹೇಳಲು ಬಹುಶಃ ಕಾರಣವಿಷ್ಟೇ: ಅವನ ಗೊಂದಲವನ್ನು ನೀವು ಸ್ವಗತದಲ್ಲಿ ವಿವರಿಸುತ್ತೀರಿ, ಅವನಿಂದ ತಪ್ಪು ಮಾಡಿಸುವುದಿಲ್ಲ.

ಮೊದಲು ಅವನು ಮುಚ್ಚಿಡುವ ಸಂಗತಿಯೊಂದನ್ನು ನಿಶ್ಚಯಿಸಿಕೊಳ್ಳಿ. ಅಪ್ಪ ಆಲೆಮನೆಯ ಕೂಲಿಯೆಂಬುದೇ ಸಾಕು. ಬಳಿಕ ಅಪ್ಪ ಅಚ್ಚುಬೆಲ್ಲದ ಚೀಲ ಹಿಡಿದು ಹಾಸ್ಟೆಲ್ಲಿನ ಬಾಗಿಲಲ್ಲಿ ನಿಂತಾಗ, ಗೆಳೆಯರೆದುರು ಅವರನ್ನು ‘ನಮ್ಮೂರಿನವರು’ ಎಂದಷ್ಟೇ ಅವನು ಪರಿಚಯಿಸಲಿ, ಆ ಮಾತು ಅಪ್ಪನ ಕಿವಿಗೂ ಬೀಳಲಿ. ನನ್ನ ಹಸ್ತಪ್ರತಿಯ ಇಂಥದೇ ತೊಡಕನ್ನು ಬಿಡಿಸಿದ್ದು ಇಂತಹ ಒಂದು ದೃಶ್ಯ. ಕೂಡಲೇ ಕ್ಷಮೆ ಕೇಳಿಸಬೇಡಿ. ಆ ವಯಸ್ಸಿನಲ್ಲಿ ನಾಚಿಕೆ ಎಷ್ಟೋ ಸಲ ಸಿಟ್ಟಾಗಿ ಹೊರಬರುವುದರಿಂದ, ಎರಡು ಅಧ್ಯಾಯಗಳವರೆಗೆ ಅವನು ಮನೆಯವರ ಮೇಲೆಯೇ ರೇಗಲಿ.

ಅಪ್ಪ ಕ್ಷಮಿಸಬೇಕೇ ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ. ಎರಡೂ ಬಗೆಯಲ್ಲಿ ಬರೆದು ನೋಡಿ, ಆಮೇಲೆ ಸ್ವಗತಗಳನ್ನು ಅಳಿಸಿ.